ಅಜ್ಜನ ಟ್ರಂಕಿನ ಏಪ್ರನ್, ತಲೆ ಕಡಿಯುವ ಕೋವಿಲ್: ಫ್ರೀಮೇಸನ್ ಲಾಡ್ಜ್ ಬಗ್ಗೆ ಓದುಗರ ಪ್ರಶ್ನೆಗಳು

ಮದ್ರಾಸ್ ಪ್ರಾಂತ್ಯದ ಮತ್ತು ಬೆಂಗಳೂರು ದಂಡಿನ ಹಳೆಯ ಫ್ರೀಮೇಸನ್ ಲಾಡ್ಜ್‌ಗಳ ಬಗ್ಗೆ ಬಂದ ಪತ್ರಗಳಿಗೆ ಈ ಸಲದ ಅಂಕಣ ಮೀಸಲು. ಫ್ರೀಮೇಸನ್ನರು, ಚಿಕ್ಕದಾಗಿ ಮೇಸನ್ನರು, ಅಂದರೆ ಗುಟ್ಟಿನ ಕ್ರಿಯಾವಿಧಿಯಿಂದ ಸದಸ್ಯರನ್ನು ಸೇರಿಸಿಕೊಳ್ಳುವ ಒಂದು ಭ್ರಾತೃ ಸಂಘದವರು. ಲಾಡ್ಜ್ ಅಂದರೆ ಇಲ್ಲಿ ಬಸ್ ಸ್ಟ್ಯಾಂಡ್ ಎದುರಿನ ವಸತಿಗೃಹ ಅಲ್ಲ. ಕಟ್ಟಡವೂ ಅಲ್ಲ. ಅದು ಸನ್ನದು ಪಡೆದು ಸೇರುವ ಸದಸ್ಯರ ಕೂಟದ ಹೆಸರು. ಒಂದೇ ಕಟ್ಟಡದಲ್ಲಿ ಹತ್ತು ಲಾಡ್ಜ್‌ಗಳು ಬೇರೆ ಬೇರೆ ವಾರ ಸೇರಬಹುದು. ಒಂದೇ ಲಾಡ್ಜ್ ನೂರು ವರ್ಷದಲ್ಲಿ ನಾಲ್ಕು ಕಟ್ಟಡ ಬದಲಿಸಿರಬಹುದು.

ಅಜ್ಜ ರೈಲ್ವೆಯಲ್ಲಿದ್ದವರು. ಅವರ ಟ್ರಂಕಿನಲ್ಲಿ ನೀಲಿ ಅಂಚಿನ ಬಿಳಿ ಚರ್ಮದ ಏಪ್ರನ್, ಶಿಲುಬೆಯಾಕಾರದ ಒಂದು ಪದಕ, ಇಂಗ್ಲಿಷ್ ಮತ್ತು ಲ್ಯಾಟಿನ್ ಎರಡರಲ್ಲೂ ಬರೆದ ಪ್ರಮಾಣಪತ್ರ ಸಿಕ್ಕಿವೆ. ಪತ್ರದಲ್ಲಿ ಇಸವಿ 5926 ಎಂದಿದೆ. ಇದನ್ನು ಓದುವುದು ಹೇಗೆ?
— ಅರಸೀಕೆರೆಯ ಓದುಗರು

ಮೊದಲು ಪ್ರಮಾಣಪತ್ರ, ಆಮೇಲೆ ಪದಕ, ಕೊನೆಗೆ ಏಪ್ರನ್. ಸಾಮಾನ್ಯವಾಗಿ ಎಲ್ಲರೂ ತಿರುಗಾ ಮುರುಗಾ ಹೋಗಿ ಏಪ್ರನ್‌ನ ಬಣ್ಣ ನೋಡಿ ಕತೆ ಕಟ್ಟುತ್ತಾರೆ.

5926ರಲ್ಲಿ 4000 ಕಳೆಯಿರಿ: 1926. ಬೈಬಲ್ ಪಂಡಿತರು ಸೃಷ್ಟಿಯ ವರ್ಷವನ್ನು ಕ್ರಿ.ಪೂ. 4004 ಎಂದು ಲೆಕ್ಕ ಹಾಕಿದ್ದರು. ಮೇಸನ್ನರು ಬಾಲದ ನಾಲ್ಕನ್ನು ಬಿಟ್ಟು ದುಂಡು ಸಂಖ್ಯೆ ಇಟ್ಟುಕೊಂಡರು. ಇದೇ ಟ್ರಂಕಿನಲ್ಲಿ 2456 ಅಥವಾ 808 ಎಂಬ ಇಸವಿಯ ಕಾಗದ ಸಿಕ್ಕರೆ ಗಾಬರಿ ಬೇಡ. ರಾಯಲ್ ಆರ್ಚ್ ಎಂಬ ಮುಂದಿನ ಪದವಿಯವರು ಕ್ರಿಸ್ತಶಕಕ್ಕೆ 530 ಕೂಡಿಸುತ್ತಾರೆ, ನೈಟ್ಸ್ ಟೆಂಪ್ಲರ್ ಪದವಿಯವರು 1118 ಕಳೆಯುತ್ತಾರೆ. ಮೂರೂ 1926ಕ್ಕೇ ಬಂದು ನಿಲ್ಲುತ್ತವೆ.

ಲೆಕ್ಕ ಸರಿಯೇ ಎಂದು ಪರೀಕ್ಷಿಸಲು ಕೆಳಗಿನ ಸಹಿ ನೋಡಿ. ಲಾಡ್ಜ್‌ಗಳಿಗೆ ಸನ್ನದು ಕೊಡುವ ಮೇಲಿನ ಸಂಸ್ಥೆಗೆ ಗ್ರ್ಯಾಂಡ್ ಲಾಡ್ಜ್ ಎಂದು ಹೆಸರು. ಇಂಗ್ಲೆಂಡಿನ ಗ್ರ್ಯಾಂಡ್ ಲಾಡ್ಜ್‌ನ ಕಾರ್ಯದರ್ಶಿಗಳು ದೀರ್ಘಕಾಲ ಆ ಹುದ್ದೆಯಲ್ಲಿರುತ್ತಿದ್ದರು: ಜಾನ್ ಹಾರ್ವಿ 1868ರಿಂದ 1880, ಶಾಡ್‌ವೆಲ್ ಕ್ಲರ್ಕ್ 1880ರಿಂದ 1891, ಎಡ್ವರ್ಡ್ ಲೆಚ್‌ವರ್ತ್ 1892ರಿಂದ 1917, ಕಾಲ್ವಿಲ್ ಸ್ಮಿತ್ 1917ರಿಂದ 1937, ಆಮೇಲೆ ಸಿಡ್ನಿ ವೈಟ್. ನಿಮ್ಮ ಪತ್ರದಲ್ಲಿ ಕಾಲ್ವಿಲ್ ಸ್ಮಿತ್ ಸಹಿ ಇರಬೇಕು. ಇಸವಿ ಮಾಸಿಹೋಗಿದ್ದರೂ ಈ ಸಹಿಯಿಂದಲೇ ಕಾಲ ಹಿಡಿಯಬಹುದು. ಅಂಚಿನಲ್ಲಿ ಸದಸ್ಯರ ಸ್ವಂತ ಸಹಿಯೂ ಇರುತ್ತದೆ. ಅಜ್ಜನ ಹಸ್ತಾಕ್ಷರ ಬೇಕಿದ್ದರೆ ಅಲ್ಲಿದೆ. ಒಂದು ಎಚ್ಚರಿಕೆ: ಸಹಿ ಬಿದ್ದ ದಿನವೇ ಅಜ್ಜ ಸೇರಿದ ದಿನವಲ್ಲ. ಮೂರು ಹಂತ ಮುಗಿದ ಮೇಲೆ ಹೆಸರು ಲಂಡನ್‌ಗೆ ಹೋಗಿ ಪತ್ರ ಹಡಗಿನಲ್ಲಿ ಬರಬೇಕಿತ್ತು.

ಶಿಲುಬೆಯಾಕಾರದ ಪದಕದ ಎಡಬಲ ತೋಳುಗಳಲ್ಲಿ 1914 ಮತ್ತು 1918, ನಡುವೆ ಗುಡಿಯನ್ನು ಕೈಯಲ್ಲಿ ಹಿಡಿದ ರೆಕ್ಕೆಯ ಆಕೃತಿ ಇದೆಯೇ ನೋಡಿ. ಇದ್ದರೆ ಅದು ಶೌರ್ಯಕ್ಕೆ ಕೊಟ್ಟದ್ದಲ್ಲ, ಚಂದಾಕ್ಕೆ ಕೊಟ್ಟದ್ದು. ಮೊದಲ ಮಹಾಯುದ್ಧದಲ್ಲಿ ಸತ್ತ ಮೇಸನ್ನರ ನೆನಪಿಗೆ ಲಂಡನ್ನಿನಲ್ಲಿ ಫ್ರೀಮೇಸನ್ಸ್ ಹಾಲ್ ಕಟ್ಟಲು ನಿಧಿ ಎತ್ತಿದರು. ಹತ್ತು ಗಿನಿ ಕೊಟ್ಟ ಸದಸ್ಯನಿಗೆ ಈ ‘ಹಾಲ್ ಸ್ಟೋನ್’ ಪದಕ. ಕಟ್ಟಡ 1927ರಲ್ಲಿ ಶುರುವಾಗಿ 1933ರಲ್ಲಿ ಮುಗಿಯಿತು. ಅಜ್ಜ ಸೈನ್ಯದಲ್ಲಿದ್ದರು ಎಂದು ಮನೆಯಲ್ಲಿ ಮಾತಿದ್ದರೆ, ಆ ಮಾತು ಹುಟ್ಟಿದ್ದು ಬಹುಶಃ ಈ ಪದಕದಿಂದಲೇ. ಹಿಂಬದಿಯಲ್ಲಿ ಹೆಸರು, ಲಾಡ್ಜ್ ಸಂಖ್ಯೆ ಕೊರೆದಿರುತ್ತಾರೆ. ಬೆಳ್ಳಿಯೇ ಆಗಿದ್ದರೆ ಸಣ್ಣ ಮುದ್ರೆಗಳಿರುತ್ತವೆ: ನಡೆಯುವ ಸಿಂಹ ಅಂದರೆ ಬೆಳ್ಳಿಯ ಗುಣಮಟ್ಟ, ಚಿರತೆಯ ತಲೆ ಲಂಡನ್, ಲಂಗರು ಬರ್ಮಿಂಗ್‌ಹ್ಯಾಮ್, ಒಂಟಿ ಅಕ್ಷರ ತಯಾರಾದ ವರ್ಷ. ಭೂತಗನ್ನಡಿ ಸಾಕು. ಮುದ್ರೆ ಕಾಣಲಿ ಎಂದು ಪಾಲಿಶ್ ಹಾಕಿ ಉಜ್ಜಿದರೆ ಚಿನ್ನದ ನೀರೂ ಹೋಗುತ್ತದೆ, ಕೊರೆದ ಅಕ್ಷರವೂ ತೆಳುವಾಗುತ್ತದೆ.

ಇನ್ನು ಏಪ್ರನ್. ಇಂಗ್ಲಿಷ್ ಪದ್ಧತಿಯಲ್ಲಿ ಅದು 14ರಿಂದ 16 ಇಂಚು ಅಗಲ, 12ರಿಂದ 14 ಇಂಚು ಉದ್ದದ ಕುರಿಮರಿ ಚರ್ಮ. ಹೊಸಬನಿಗೆ ಬರೀ ಬಿಳಿ. ಎರಡನೇ ಹಂತದವನಿಗೆ ತಿಳಿನೀಲಿಯ ಎರಡು ಹೂಬಿಲ್ಲೆ. ಮೂರನೇ ಹಂತಕ್ಕೆ, ಅಂದರೆ ಮಾಸ್ಟರ್ ಮೇಸನ್‌ಗೆ, ತಿಳಿನೀಲಿ ಅಂಚು, ಮೂರು ಹೂಬಿಲ್ಲೆ, ಎರಡು ಪಟ್ಟಿಗಳಲ್ಲಿ ಏಳೇಳು ಲೋಹದ ಕುಚ್ಚು. ಹೂಬಿಲ್ಲೆಯ ಜಾಗದಲ್ಲಿ ತಲೆಕೆಳಗಾದ ಟಿ ಆಕಾರದ ಬೆಳ್ಳಿ ಚಿಹ್ನೆ ಇದ್ದರೆ ನಿಮ್ಮ ಅಜ್ಜ ಲಾಡ್ಜ್‌ನ ಮಾಸ್ಟರ್ ಗದ್ದುಗೆ ಏರಿದ್ದರು. ಗಾಢನೀಲಿ ಅಂಚು ಇದ್ದರೆ ಮೇಸನ್ನರ ಜಿಲ್ಲೆಯ, ಅಂದರೆ ಒಂದು ಪ್ರಾಂತ್ಯದ ಲಾಡ್ಜ್‌ಗಳ ಒಕ್ಕೂಟದ, ಇಲ್ಲವೇ ಗ್ರ್ಯಾಂಡ್ ಲಾಡ್ಜ್ ಮಟ್ಟದ ಅಧಿಕಾರಿ. ಅಂಚಿನಲ್ಲಿ ಕೆಂಪು, ನೀಲಿ ತ್ರಿಕೋನಗಳ ಸಾಲು ಇದ್ದರೆ ರಾಯಲ್ ಆರ್ಚ್. ಹಸಿರೋ ಕಂದೋ ಇಲ್ಲಾ ಚೌಕುಳಿ ಬಟ್ಟೆಯ ಅಂಚೋ ಇದ್ದರೆ ಅದು ಸ್ಕಾಟ್ಲೆಂಡಿನ ಸನ್ನದಿನ ಲಾಡ್ಜ್. ಅಲ್ಲಿ ಪ್ರತಿ ಲಾಡ್ಜ್ ತನ್ನ ಬಣ್ಣ ತಾನೇ ಆರಿಸುತ್ತದೆ, ಆದ್ದರಿಂದ ಬಣ್ಣದಿಂದ ಪದವಿ ಊಹಿಸಬೇಡಿ.

ಚರ್ಮಕ್ಕೆ ನೀರು ತಾಗಿಸಬೇಡಿ, ಒಣಗಿದ ಮೇಲೆ ಹಪ್ಪಳದಂತೆ ಸೆಟೆಯುತ್ತದೆ. ಮಡಿಕೆಯ ಗೆರೆಯಲ್ಲೇ ಚರ್ಮ ಸೀಳುವುದರಿಂದ ಮಡಚದೆ ಹಾಸಿಡಿ. ಗಂಜಿ ಹಾಕದ, ಬಣ್ಣವಿಲ್ಲದ ಹತ್ತಿ ಬಟ್ಟೆ ಸುತ್ತಿ. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ.

ಎರಡು ದಾಖಲೆಗಳಲ್ಲಿ ಒಂದೇ ಲಾಡ್ಜ್‌ಗೆ ಬೇರೆ ಬೇರೆ ಸಂಖ್ಯೆ ಇದೆ. ಯಾವುದು ತಪ್ಪು?
— ಧಾರವಾಡದ ಓದುಗರು

ಬಹುತೇಕ ಯಾವುದೂ ತಪ್ಪಲ್ಲ. ಇಂಗ್ಲೆಂಡಿನಲ್ಲಿ ಮುಚ್ಚಿಹೋದ ಲಾಡ್ಜ್‌ಗಳ ಖಾಲಿ ಸಂಖ್ಯೆ ತುಂಬಲು ಮತ್ತೆ ಮತ್ತೆ ಎಲ್ಲರನ್ನೂ ಮುಂದಕ್ಕೆ ಸರಿಸುತ್ತಿದ್ದರು: 1740, 1755, 1770, 1780–81, 1792, 1814, 1832, ಕೊನೆಗೆ 1863. ಹಾಗಾಗಿ 1863ಕ್ಕೆ ಹಿಂದಿನ ಕಾಗದದಲ್ಲಿ ಸಂಖ್ಯೆ ಕಂಡರೆ ಜೊತೆಗೆ ವರ್ಷವನ್ನೂ ಬರೆದುಕೊಳ್ಳಬೇಕು, ಇಲ್ಲದಿದ್ದರೆ ಅದು ಯಾರದೋ ಮನೆಯ ಬಾಗಿಲ ನಂಬರು. 1863ರ ಆಚೆಗೆ ಇಂಗ್ಲಿಷ್ ಸಂಖ್ಯೆ ಬದಲಾಗಿಲ್ಲ. ಜಾನ್ ಲೇನ್ ಎಂಬವರು 1894ರವರೆಗಿನ ಲಾಡ್ಜ್‌ಗಳನ್ನೆಲ್ಲ ಹಳೆ ಸಂಖ್ಯೆ, ಹೊಸ ಸಂಖ್ಯೆ, ಊರು, ಸೇರುತ್ತಿದ್ದ ಜಾಗದ ಸಮೇತ ಪಟ್ಟಿ ಮಾಡಿದ್ದಾರೆ. ಅದೀಗ ಅಂತರ್ಜಾಲದಲ್ಲಿ ಉಚಿತ.

ಸಂಖ್ಯೆಯ ಮುಂದೆ ಇರುವ ಎರಡು ಅಕ್ಷರ ಬಿಟ್ಟುಬಿಡುವುದು ಇನ್ನೊಂದು ತಪ್ಪು. ಇ.ಸಿ. ಇಂಗ್ಲೆಂಡ್, ಎಸ್.ಸಿ. ಸ್ಕಾಟ್ಲೆಂಡ್, ಐ.ಸಿ. ಐರ್ಲೆಂಡ್. ಮೂರರಲ್ಲೂ 300 ಎಂಬ ಸಂಖ್ಯೆ ಇರಬಹುದು, ಮೂರೂ ಬೇರೆ ಕೂಟ. ಭಾರತದಲ್ಲಿ ನಾಲ್ಕನೆಯದೂ ಇದೆ: 24 ನವೆಂಬರ್ 1961ರಂದು ದೆಹಲಿಯ ಅಶೋಕ ಹೋಟೆಲ್‌ನಲ್ಲಿ ಆ ಮೂರೂ ದೇಶಗಳ ಗ್ರ್ಯಾಂಡ್ ಲಾಡ್ಜ್‌ಗಳೇ ಕೂಡಿ ಗ್ರ್ಯಾಂಡ್ ಲಾಡ್ಜ್ ಆಫ್ ಇಂಡಿಯಾ ಸ್ಥಾಪಿಸಿದವು. ಮೊದಲ ಗ್ರ್ಯಾಂಡ್ ಮಾಸ್ಟರ್ ರಾಂಪುರದ ನವಾಬ ರಜಾ ಅಲಿ ಖಾನ್. ಸೇರಬೇಕೇ ಬೇಡವೇ ಎಂಬುದನ್ನು ಆಯಾ ಲಾಡ್ಜ್‌ಗೆ ಬಿಟ್ಟಿದ್ದರು. ಸೇರಿದವಕ್ಕೆ ಹೊಸ ಸಂಖ್ಯೆ: ಕಲ್ಕತ್ತೆಯ ಆ್ಯಂಕರ್ ಅಂಡ್ ಹೋಪ್ 234 ಇದ್ದದ್ದು 1 ಆಯಿತು. ಸೇರದ ಇಂಗ್ಲಿಷ್ ಲಾಡ್ಜ್‌ಗಳು ಇಂದಿಗೂ ಇಂಗ್ಲೆಂಡಿನ ಮದ್ರಾಸ್ ಜಿಲ್ಲೆ, ಬಂಗಾಳ ಜಿಲ್ಲೆ ಎಂಬ ಹಳೆಯ ಹೆಸರುಗಳ ಕೆಳಗೇ ಇವೆ.

ಬೆಂಗಳೂರಿನ ಲಾಡ್ಜ್ ಇತಿಹಾಸ ಹುಡುಕಿದರೆ ಎಲ್ಲ ಕಡೆ ಮದ್ರಾಸ್ ಎಂದೇ ಬರುತ್ತದೆ. ಯಾಕೆ?
— ಬೆಂಗಳೂರಿನ ಓದುಗರು

ದಂಡು ಮೈಸೂರು ಸಂಸ್ಥಾನದ ನೆಲದಲ್ಲಿದ್ದರೂ ಅಲ್ಲಿನ ಸೈನ್ಯ ಮದ್ರಾಸಿನದು. 1809ರಲ್ಲಿ ಪಾಳೆಯ ಶ್ರೀರಂಗಪಟ್ಟಣದಿಂದ ಬೆಂಗಳೂರಿಗೆ ಬಂದಾಗ ಮೇಸನ್ ಆಡಳಿತವೂ ಮದ್ರಾಸಿನಡಿಯೇ ಬಂತು. ಆದ್ದರಿಂದ ಕಡತ ಹುಡುಕುವವರು ಮೈಸೂರಿನ ದಫ್ತರಕ್ಕಿಂತ ಮೊದಲು ಮದ್ರಾಸ್ ಜಿಲ್ಲೆಯ ವಾರ್ಷಿಕ ವರದಿಗಳನ್ನು ತೆಗೆಯಬೇಕು.

ಮದ್ರಾಸಿನ ಕತೆಯನ್ನು ಚುಟುಕಾಗಿ ಹೇಳುವುದಾದರೆ: ಲಂಡನ್ನಿನಲ್ಲಿ ನಾಲ್ಕು ಲಾಡ್ಜ್‌ಗಳು ಒಂದು ಹೆಂಡದಂಗಡಿಯಲ್ಲಿ ಕೂಡಿ ಗ್ರ್ಯಾಂಡ್ ಲಾಡ್ಜ್ ಮಾಡಿಕೊಂಡದ್ದು 1717 ಎಂದು ರೂಢಿ. 1730ಕ್ಕೆ ಕಲ್ಕತ್ತೆಯ ಫೋರ್ಟ್ ವಿಲಿಯಂನಲ್ಲಿ ಲಾಡ್ಜ್, 1752ಕ್ಕೆ ಮದ್ರಾಸಿನಲ್ಲಿ. ಅತ್ತ ಇಂಗ್ಲೆಂಡಿನಲ್ಲಿ 1751ರಲ್ಲಿ ಇನ್ನೊಂದು ಗುಂಪು ಎದ್ದು, ತಾವೇ ‘ಪುರಾತನರು’, ಮೊದಲಿನವರು ‘ಆಧುನಿಕರು’ ಎಂದು ಹೆಸರಿಟ್ಟಿತು. ವಯಸ್ಸಿನಲ್ಲಿ ಕಿರಿಯರು ತಮ್ಮನ್ನು ಪುರಾತನರೆಂದು ಕರೆದುಕೊಂಡದ್ದು ಇತಿಹಾಸ ಬರೆಯುವವರನ್ನು ಇಂದಿಗೂ ಕಾಡುತ್ತದೆ. ಆ ಜಗಳ ಕೋರಮಂಡಲ ಕರಾವಳಿಗೂ ಬಂತು. ಮದ್ರಾಸಿನಲ್ಲಿ ಅದನ್ನು 1786ರಲ್ಲೇ ಜನರಲ್ ಮ್ಯಾಥ್ಯೂ ಹಾರ್ನ್ ರಾಜಿ ಮಾಡಿಸಿದರು. ಆ ವರ್ಷವೇ ಪರ್ಫೆಕ್ಟ್ ಯುನಾನಿಮಿಟಿ, ಅಂದರೆ ಪೂರ್ಣ ಒಮ್ಮತ, ಎಂಬ ಲಾಡ್ಜ್ ಹುಟ್ಟಿತು. ಈಗಲೂ ಅದರ ಸಂಖ್ಯೆ 150. ಇಂಗ್ಲೆಂಡಿನವರಿಗೆ ಅದೇ ಒಮ್ಮತಕ್ಕೆ 27 ಡಿಸೆಂಬರ್ 1813 ಬೇಕಾಯಿತು.

ದಂಡಿನ ಊರುಗಳಲ್ಲಿ ಇನ್ನೊಂದು ತೊಡಕಿದೆ. ಐರ್ಲೆಂಡ್ 1732ರಿಂದ ರೆಜಿಮೆಂಟ್‌ಗಳಿಗೇ ಸನ್ನದು ಕೊಡಲು ಶುರುಮಾಡಿತು. ಇಂಥ ಲಾಡ್ಜ್ ಪಡೆಯ ಸಾಮಾನಿನ ಜೊತೆ ಗಾಡಿಯಲ್ಲೇ ಪ್ರಯಾಣ ಮಾಡುತ್ತಿತ್ತು. ಬೆಂಗಳೂರಿನಲ್ಲಿ ಮೂರು ವರ್ಷ ಸೇರಿ ಬರ್ಮಾಕ್ಕೋ ಕ್ವೀನ್ಸ್‌ಲ್ಯಾಂಡಿಗೋ ಹೋದರೆ ಕಡತವೂ ಹೋಯಿತು. ಊರಿನ ಹೆಸರಿನಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ರೆಜಿಮೆಂಟಿನ ಹೆಸರಿನಲ್ಲಿ ಹುಡುಕಿ.

ಭಾರತೀಯರಲ್ಲಿ ಮೊದಲು ಮೇಸನ್ ಆದವರು ಯಾರು? ಟಿಪ್ಪುವೂ ಆಗಿದ್ದರೇ?
— ಮಂಡ್ಯದ ಓದುಗರು

ಮೊದಲಿಗರಲ್ಲಿ ಒಬ್ಬರು ಟಿಪ್ಪುವಿನ ಕಡೆಯವರಲ್ಲ, ಎದುರಾಳಿ ಮನೆಯವರು: ಆರ್ಕಾಟಿನ ನವಾಬ ಮಹಮ್ಮದ್ ಅಲಿಯ ಹಿರಿಯ ಮಗ ಉಮ್ದತ್ ಉಲ್ ಉಮ್ರಾ. 1775ರ ಸುಮಾರಿಗೆ ತಿರುಚಿನಾಪಳ್ಳಿಯ ಲಾಡ್ಜ್‌ನಲ್ಲಿ ಸೇರಿದರು. ಸುದ್ದಿ ಲಂಡನ್ ಮುಟ್ಟಿದಾಗ ಗ್ರ್ಯಾಂಡ್ ಲಾಡ್ಜ್ ಹಿಗ್ಗಿ ಹೀರೇಕಾಯಿ ಆಗಿ, ಬಂಗಾಳದ ಅಡ್ವೊಕೇಟ್ ಜನರಲ್ ಸರ್ ಜಾನ್ ಡೇ ಕೈಯಲ್ಲಿ ಅಲಂಕರಿಸಿದ ಏಪ್ರನ್ ಮತ್ತು ನಿಯಮಗ್ರಂಥ ಕಳಿಸಿತು. ಉತ್ತರ ಪರ್ಷಿಯನ್ ಭಾಷೆಯಲ್ಲಿ ಬಂತು, ಜರಿಬಟ್ಟೆಯ ಹೊದಿಕೆಯಲ್ಲಿ.

ಮುಂದಿನದನ್ನು ಲಾಡ್ಜ್ ಚರಿತ್ರೆಗಳು ಸಾಮಾನ್ಯವಾಗಿ ಬರೆಯುವುದಿಲ್ಲ. 1795ರಲ್ಲಿ ಉಮ್ದತ್ ನವಾಬರಾದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿನ ಕಾಗದಗಳಲ್ಲಿ ಆರ್ಕಾಟಿನ ನವಾಬರು ಟಿಪ್ಪುವಿನೊಡನೆ ಗುಟ್ಟಾಗಿ ಪತ್ರವ್ಯವಹಾರ ಮಾಡಿದ ಸಾಕ್ಷ್ಯ ಸಿಕ್ಕಿತೆಂದು ಕಂಪನಿ ಹೇಳಿತು. ಜುಲೈ 1801ರಲ್ಲಿ ಉಮ್ದತ್ ತೀರಿಕೊಂಡರು, ಕಂಪನಿ ಅದೇ ನೆಪದಲ್ಲಿ ಕರ್ನಾಟಿಕ್, ಅಂದರೆ ಆರ್ಕಾಟ್ ಸೀಮೆಯ, ಆಡಳಿತ ನುಂಗಿತು. ಏಪ್ರನ್ ಕೊಟ್ಟ ಭ್ರಾತೃತ್ವ ರಾಜ್ಯ ಉಳಿಸಲಿಲ್ಲ.

ಟಿಪ್ಪು ಮೇಸನ್ ಎನ್ನುವ ಮಾತು ಹುಟ್ಟುವುದು ಶ್ರೀರಂಗಪಟ್ಟಣದ ಜಾಕೊಬಿನ್ ಕ್ಲಬ್‌ನಿಂದ. ಅದು 1797ರಲ್ಲಿ ಅಲ್ಲಿದ್ದ ಫ್ರೆಂಚರು ಮಾಡಿಕೊಂಡದ್ದೆಂದು ಹೇಳುವ ರಾಜಕೀಯ ಕೂಟ: ಸ್ವಾತಂತ್ರ್ಯದ ಮರ, ಧ್ವಜ, ರಾಜರ ವಿರುದ್ಧ ಪ್ರತಿಜ್ಞೆ. ಮೇಸನ್ ಲಾಡ್ಜ್‌ಗೆ ಸನ್ನದು ಬೇಕು, ಮೂರು ಹಂತ ಬೇಕು. ಜಾಕೊಬಿನ್ ಕ್ಲಬ್‌ಗೆ ಎರಡೂ ಇಲ್ಲ.

ಹಿಂದೂಗಳಿಗೆ ಪ್ರವೇಶ ಇರಲಿಲ್ಲವಂತೆ, ಹೌದೇ? ಪ್ರಮಾಣ ಯಾವ ಗ್ರಂಥದ ಮೇಲೆ?
— ಉಡುಪಿಯ ಓದುಗರು

ಲಿಖಿತ ನಿಷೇಧ ಲಂಡನ್ನಿನದಲ್ಲ, ಸ್ಥಳೀಯರದು. ಮುಂಬಯಿಯಲ್ಲಿ ಬಾಗಿಲು ತೆರೆಯದಿದ್ದಾಗ ಪಾರ್ಸಿ ಮುಖಂಡ ಮಾಣೆಕ್‌ಜಿ ಕರ್ಸೆಟ್‌ಜಿ ಪ್ಯಾರಿಸ್‌ಗೆ ಹೋಗಿ ಮೇಸನ್ ಆಗಿ ಬಂದರು. ಆಗ ವೈದ್ಯ ಜೇಮ್ಸ್ ಬರ್ನ್ಸ್ 1843ರಲ್ಲಿ ಸ್ಕಾಟಿಷ್ ಸನ್ನದಿನಲ್ಲಿ ಭಾರತೀಯರಿಗೆಂದೇ ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ ಕಟ್ಟಿದರು. ಬಂಗಾಳದಲ್ಲಿ ಹಿಂದೂ ವ್ಯಾಪಾರಿ ಪ್ರಸನ್ನ ಕುಮಾರ ದತ್ತ 1863ರಲ್ಲಿ ಅರ್ಜಿ ಹಾಕಿದರು. ಜಿಲ್ಲೆಯ ಮುಖ್ಯಸ್ಥ ಹ್ಯೂ ಸ್ಯಾಂಡಮನ್, ತನ್ನ ಒಪ್ಪಿಗೆಯಿಲ್ಲದೆ ಏಷ್ಯದವರನ್ನು ಸೇರಿಸಕೂಡದೆಂಬ ಉಪನಿಯಮ ತೋರಿಸಿ ತಡೆದರು. ಬಹುದೇವತಾ ಪೂಜಕನು ಒಬ್ಬ ಪರಮಾತ್ಮನನ್ನು ನಂಬುತ್ತೇನೆಂದು ಹೇಗೆ ಪ್ರಮಾಣ ಮಾಡುತ್ತಾನೆ ಎಂಬುದು ವಾದ. ಉಪನಿಷತ್ತು ಓದಿದ ಊರಲ್ಲಿ ಆ ವಾದ ಒಂಬತ್ತು ವರ್ಷ ನಡೆಯಿತು! ದತ್ತರು ಸೇರಿದ್ದು 1872ರಲ್ಲಿ.

ಸೇರಿದ್ದು ಅದೇ ಆ್ಯಂಕರ್ ಅಂಡ್ ಹೋಪ್‌ಗೆ. ಹನ್ನೆರಡು ವರ್ಷದ ನಂತರ ಅಲ್ಲಿಗೆ ನರೇಂದ್ರನಾಥ ದತ್ತ ಎಂಬ ತರುಣ ಬಂದರು, ಮುಂದೆ ವಿವೇಕಾನಂದರಾದವರು. ಅವರ ಮೂರು ದಿನಾಂಕ ದಾಖಲೆಯಲ್ಲಿವೆ: 19 ಫೆಬ್ರವರಿ, 15 ಏಪ್ರಿಲ್, 20 ಮೇ 1884. ಲಾಡ್ಜ್ ದಾಖಲೆ ಓದುವ ಕ್ರಮ ಕಲಿಯಲು ಇದೇ ಒಳ್ಳೆ ಮಾದರಿ. ಇನಿಶಿಯೇಟ್, ಪಾಸ್, ರೈಸ್ ಎಂಬ ಮೂರು ಕ್ರಿಯಾಪದ ಮೂರು ಹಂತ. ಮೊದಲನೆಯದೊಂದೇ ಸಿಕ್ಕಿ ಉಳಿದೆರಡು ಸಿಗದಿದ್ದರೆ ವ್ಯಕ್ತಿ ನಡುವೆ ಬಿಟ್ಟಿರಬಹುದು.

ಪ್ರಮಾಣ ಅವರವರ ಗ್ರಂಥದ ಮೇಲೆ. ಭಾರತದ ಲಾಡ್ಜ್‌ಗಳಲ್ಲಿ ಬೈಬಲ್, ಗೀತೆ, ಕುರಾನ್, ಗುರು ಗ್ರಂಥ, ಅವೆಸ್ತಾ ಒಟ್ಟಿಗೆ ತೆರೆದಿಡುವುದುಂಟು.

ನಮ್ಮ ತಾತ ಮೇಸನ್ನರ ಲಾಡ್ಜನ್ನು ‘ತಲೆ ಕಡಿಯುವ ಕೋವಿಲ್’ ಅನ್ನುತ್ತಿದ್ದರು.
— ಕೋಲಾರದ ಓದುಗರು

ತಮಿಳಿನ ‘ತಲೈ ವೆಟ್ಟ ಕೋವಿಲ್’. ಕೋವಿಲ್ ಅಂದರೆ ಗುಡಿ. ಹೊಸಬನ ತಲೆ ಕಡಿದು ಮತ್ತೆ ಅಂಟಿಸುತ್ತಾರೆಂಬ ನಂಬಿಕೆಯಿಂದ ಬಂದ ಹೆಸರು. ಹತ್ತೊಂಬತ್ತನೇ ಶತಮಾನದ ನಿಘಂಟಿನಲ್ಲೇ ಇದೆ. ಉತ್ತರದವರಿಗೆ ಅದು ಜಾದೂಘರ್, ಮುಂಬಯಿ ಕಡೆ ಶೈತಾನ್ ಖಾನಾ. ಕಿಟಕಿ ಮುಚ್ಚಿ, ಬಾಗಿಲಿಗೆ ಕತ್ತಿ ಹಿಡಿದವನನ್ನು ನಿಲ್ಲಿಸಿದರೆ ಬೀದಿಯವರು ಇನ್ನೇನು ಹೇಳಬೇಕು? ಕತ್ತಿಯವನ ಹುದ್ದೆಯ ಹೆಸರು ಟೈಲರ್. ಬಟ್ಟೆ ಹೊಲಿಯುವವನಲ್ಲ, ಬಾಗಿಲು ಕಾಯುವವನು.

ಅಂದಹಾಗೆ, ಚೆನ್ನೈ ಮರೀನಾದಲ್ಲಿ ಬಿಳಿ ಕಂಬಗಳ ಪೊಲೀಸ್ ಮುಖ್ಯಾಲಯ ನೋಡಿದ್ದೀರಲ್ಲ? ಅದು 1839ರಲ್ಲಿ ಪರ್ಫೆಕ್ಟ್ ಯುನಾನಿಮಿಟಿ ಲಾಡ್ಜ್ ಕಟ್ಟಿಸಿದ್ದು. 1865ರಲ್ಲಿ ಪೊಲೀಸರು ತಿಂಗಳಿಗೆ 90 ರೂಪಾಯಿ ಬಾಡಿಗೆಗೆ ಹಿಡಿದು, 1874ರಲ್ಲಿ 20,000 ರೂಪಾಯಿಗೆ ಕೊಂಡರು. ಮೇಸನ್ನರ ಈಗಿನ ಹಾಲ್ ಎಗ್ಮೋರ್‌ನಲ್ಲಿದೆ.

ಹಳೆಯ ಪಟ್ಟಿಯೊಂದರಲ್ಲಿ ಅಜ್ಜಿಯ ಹೆಸರಿದೆ. ಹೆಂಗಸರೂ ಮೇಸನ್ ಆಗಬಹುದಿತ್ತೇ?
— ಮೈಸೂರಿನ ಓದುಗರು

ಇಂಗ್ಲಿಷ್, ಸ್ಕಾಟಿಷ್, ಐರಿಷ್ ಲಾಡ್ಜ್‌ಗಳಲ್ಲಿ ಇಲ್ಲ. ಆದರೆ 1893ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ, ಗಂಡು ಹೆಣ್ಣು ಇಬ್ಬರನ್ನೂ ಸೇರಿಸುವ ಕೋ-ಮೇಸನ್ರಿಗೆ 1902ರಲ್ಲಿ ಆ್ಯನಿ ಬೆಸೆಂಟ್ ಸೇರಿ, ಮುಂದೆ ಅದನ್ನು ಭಾರತಕ್ಕೆ ತಂದರು. ಪಟ್ಟಿ ಆ ಬಳಗದ್ದಿರಬಹುದು. ಇಲ್ಲವೇ ಅದು ಮೇಸನ್ ಪಟ್ಟಿಯೇ ಅಲ್ಲ, ಥಿಯಾಸಫಿ, ಅಂದರೆ ಬ್ರಹ್ಮವಿದ್ಯಾ ಸಮಾಜದವರದ್ದು. ಅವರೂ ತಮ್ಮ ಶಾಖೆಗೆ ಲಾಡ್ಜ್ ಎನ್ನುತ್ತಾರೆ. ಬಸವನಗುಡಿಯ ಯುನೈಟೆಡ್ ಲಾಡ್ಜ್ ಆಫ್ ಥಿಯಾಸಫಿಸ್ಟ್ಸ್‌ಗೂ ಮೇಸನ್ನರಿಗೂ ಸಂಬಂಧವಿಲ್ಲ. ಪಟ್ಟಿಯಲ್ಲಿ ವಾರ್ಡನ್, ಡೀಕನ್, ಟೈಲರ್ ಹುದ್ದೆಗಳಿವೆಯೇ ನೋಡಿ. ಬರೀ ಅಧ್ಯಕ್ಷ, ಕಾರ್ಯದರ್ಶಿ ಇದ್ದರೆ ಥಿಯಾಸಫಿ.

ನಮ್ಮ ಲಾಡ್ಜ್‌ನ ನೂರು ವರ್ಷದ ಚರಿತ್ರೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಎಲ್ಲಿಂದ ಶುರು ಮಾಡಲಿ?
— ಹೆಸರು ಬೇಡವೆಂದ ಓದುಗರು

ಗೋಡೆಯ ಮೇಲಿನ ಮಾಜಿ ಮಾಸ್ಟರ್‌ಗಳ ಹಲಗೆಯಿಂದ ಮಾತ್ರ ಬೇಡ. ಅದನ್ನು ಬಣ್ಣ ಮಾಸಿದಾಗೆಲ್ಲ ಮತ್ತೆ ಬರೆಸಿರುತ್ತಾರೆ, ಪೇಂಟರ್ ಬಿಟ್ಟ ಹೆಸರು ಬಿಟ್ಟೇ ಹೋಗಿರುತ್ತದೆ.

ಸನ್ನದಿನ ದಿನ, ಮೊದಲ ಸಭೆಯ ದಿನ, ವಿಧ್ಯುಕ್ತ ಪ್ರತಿಷ್ಠಾಪನೆಯ ದಿನ, ಈ ಮೂರನ್ನು ಬೇರೆ ಬೇರೆ ಬರೆದುಕೊಳ್ಳಿ. ಇವುಗಳ ನಡುವೆ ತಿಂಗಳುಗಳ ಅಂತರ ಇರಬಹುದು, ಶತಮಾನೋತ್ಸವದ ಕರೆಯೋಲೆ ಅಚ್ಚಾದ ಮೇಲೆ ಜಗಳವಾಗುವುದು ಇದಕ್ಕೇ. ಇಂಗ್ಲಿಷ್ ಸನ್ನದಿನವರಾದರೆ ಶತಮಾನದ ಸನ್ನದು ಮತ್ತು ಪದಕಕ್ಕೆ ನೂರು ವರ್ಷ ನಡುವೆ ಕಡಿಯದೆ ನಡೆದದ್ದನ್ನು ಸಾಬೀತು ಮಾಡಬೇಕು. ಆಮೇಲೆ ನಡಾವಳಿ ಪುಸ್ತಕಗಳನ್ನು ಸಾಲಾಗಿ ಇಟ್ಟು, ಮೊದಲ ಮತ್ತು ಕೊನೆಯ ದಿನಾಂಕ ಬರೆದು, ಯಾವ ವರ್ಷ ಕಾಣೆಯಾಗಿದೆ ಎಂದು ಗುರುತು ಹಾಕಿ. ಗೆದ್ದಲು ತಿಂದ ವರ್ಷಗಳಿಗೆ ಮೂರು ಬದಲಿ ದಾರಿಗಳಿವೆ: ಬಾಗಿಲಲ್ಲಿ ಸಹಿ ಹಾಕುವ ಟೈಲರ್ ಪುಸ್ತಕ, ಚಂದಾ ಲೆಕ್ಕದ ಪುಸ್ತಕ, ಗ್ರ್ಯಾಂಡ್ ಲಾಡ್ಜ್‌ಗೆ ಕಳಿಸಿದ ವಾರ್ಷಿಕ ಸದಸ್ಯರ ಪಟ್ಟಿಯ ಪ್ರತಿ. ಇವುಗಳಲ್ಲಿ ಟೈಲರ್ ಪುಸ್ತಕವನ್ನೇ ಹೆಚ್ಚು ನಂಬಬಹುದು. ನಡಾವಳಿಯನ್ನು ಕಾರ್ಯದರ್ಶಿ ಮನೆಯಲ್ಲಿ ಕೂತು ತಿದ್ದಿ ಬರೆಯಬಹುದು, ಸಹಿ ಮಾತ್ರ ಆ ಸಂಜೆಯದು.

1921ರವರೆಗಿನ ಇಂಗ್ಲಿಷ್ ಸದಸ್ಯರ ರಿಜಿಸ್ಟರುಗಳು ವಂಶಾವಳಿ ತಾಣದಲ್ಲಿ ಚಿತ್ರರೂಪದಲ್ಲಿವೆ. ವಯಸ್ಸು, ಉದ್ಯೋಗ, ಸೇರಿದ ದಿನ ಸಿಗುತ್ತದೆ. ಆಚೆಗಿನ ವರ್ಷಗಳಿಗೆ ಲಂಡನ್ನಿನ ಮ್ಯೂಸಿಯಂ ಆಫ್ ಫ್ರೀಮೇಸನ್ರಿಗೆ ಹೆಸರು, ಲಾಡ್ಜ್, ಅಂದಾಜು ವರ್ಷ ಕೊಟ್ಟು ಬರೆಯಬೇಕು. ಕನ್ನಡದ ಹೆಸರುಗಳನ್ನು ಕನಿಷ್ಠ ನಾಲ್ಕು ಕಾಗುಣಿತದಲ್ಲಿ ಹುಡುಕಿ. ಇನಿಶಿಯಲ್ ಬಿಚ್ಚಿ ಊರಿನ ಹೆಸರನ್ನೇ ಮನೆತನದ ಹೆಸರೆಂದು ಬರೆದಿರುವುದು ಸಾಮಾನ್ಯ, ಹಾಗಾಗಿ ಮನೆತನದ ಹೆಸರಿನಲ್ಲಿ ಸಿಗದವರು ‘ಚನ್ನಪಟ್ಟಣ’ದಲ್ಲಿ ಸಿಗಬಹುದು.

ಪುಸ್ತಕಗಳ ಫೋಟೊ ತೆಗೆಯುವಾಗ ಪೂರ್ತಿ ಅಗಲಿಸಬೇಡಿ, ಬೆನ್ನಿನ ಹೊಲಿಗೆ ಬಿಡುತ್ತದೆ. ಎರಡೂ ಕಡೆ ದಿಂಬಿಟ್ಟು ಅರ್ಧ ತೆರೆದು ಒಂದೊಂದೇ ಪುಟ ತೆಗೆಯಿರಿ. ಖಾಲಿ ಪುಟವನ್ನೂ ತೆಗೆಯಿರಿ, ಇಲ್ಲದಿದ್ದರೆ ಹರಿದದ್ದೋ ಬಿಟ್ಟದ್ದೋ ಎಂದು ಆಮೇಲೆ ತಿಳಿಯುವುದಿಲ್ಲ. ಹರಿದಲ್ಲಿ ಸೆಲೋಟೇಪ್ ಬೇಡ, ಲ್ಯಾಮಿನೇಷನ್ ಖಂಡಿತ ಬೇಡ.

ಗುಟ್ಟು ಬಯಲಾದೀತೆಂದು ಹಿರಿಯ ಸದಸ್ಯರು ಪುಸ್ತಕ ಕೊಡಲು ಹಿಂಜರಿದರೆ ಒಂದು ಸಂಪುಟ ಅವರೆದುರೇ ತೆರೆದು ತೋರಿಸಿ. ಕ್ರಿಯಾವಿಧಿಯ ಮಾತುಗಳನ್ನು ನಡಾವಳಿಯಲ್ಲಿ ಬರೆಯುವುದಿಲ್ಲ. ಅಲ್ಲಿರುವುದು ಯಾರ ಹೆಸರು ಯಾರು ಸೂಚಿಸಿದರು, ಮತದ ಪೆಟ್ಟಿಗೆಯಲ್ಲಿ ಬೇಡವೆನ್ನುವ ಕಪ್ಪು ಗುಂಡು ಬಿತ್ತೇ, ಯಾವ ವಿಧವೆಗೆ ಎಷ್ಟು ರೂಪಾಯಿ ಕೊಟ್ಟರು, ಊಟದ ಬಿಲ್ಲು ಯಾಕೆ ಜಾಸ್ತಿಯಾಯಿತು ಎಂಬುದು.